ಅಪ್ರತಿಮ ಸಾಧಕರು ಮಾಡಿದ್ದೆಂತ ಮಾರಾಯ್ರೆ?

ಫೆಬ್ರವರಿ ಎರಡನೇ ವಾರದಿಂದ ನನ್ನ ಅಂಗಡಿಗೆ ವಿಜ್ಞಾನಿಗಳ ಹೆಸರು ಬರಲಿಕ್ಕೆ ಸುರು. 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಶಾಲೆ, ಕಾಲೇಜು, ಕ್ಲಬ್ಬು, ಸಂಘ ಎಲ್ಲರಿಗೂ ಸನ್ಮಾನಕ್ಕೆ ಒಬ್ಬರು ಬೇಕು. ಶಾಲು, ಪೇಟ, ಹಣ್ಣಿನ ಬುಟ್ಟಿ ಬೇರೆಯವರ ವ್ಯಾಪಾರ. ಪದಕ, ಫಲಕದ ಮೇಲೆ ಅಕ್ಷರ ಕೂರಿಸುವುದು ನನ್ನದು. ಮಂಗಳೂರಿನ ರಥಬೀದಿ ಹತ್ತಿರ ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಅಪ್ಪ ಚಿನ್ನದ ಕೆಲಸದವರು, ನಾನು ಹಿತ್ತಾಳೆಗೆ ಇಳಿದೆ.

ಬರುವ ಒಕ್ಕಣೆ ಮಾತ್ರ ಪ್ರತಿವರ್ಷ ಒಂದೇ. “ವಿಜ್ಞಾನ ಕ್ಷೇತ್ರದಲ್ಲಿ ಅಪ್ರತಿಮ ಸಾಧನೆಗೈದು ನಾಡಿನ ಕೀರ್ತಿಯನ್ನು ವಿಶ್ವದಗಲಕ್ಕೂ ಪಸರಿಸಿದ ಹೆಮ್ಮೆಯ ಸುಪುತ್ರ, ಸರಳತೆಯ ಸಾಕಾರಮೂರ್ತಿ...” ಹೀಗೆ ಏಳು ಸಾಲು. ನಾನು ವಾಟ್ಸಾಪಿನಲ್ಲಿ ಕೇಳುತ್ತೇನೆ, “ಸರಿ ಸರ್, ಇವರು ಮಾಡಿದ್ದೆಂತ?” ಎರಡು ನೀಲಿ ಗೆರೆ ಬೀಳುತ್ತದೆ. ಉತ್ತರ ಇಲ್ಲ.

ನಾನು ಓದಿದ್ದು ಹತ್ತನೇ ಕ್ಲಾಸು. ಆದರೆ ಇಷ್ಟು ಗೊತ್ತು: ನಾಳೆ ನನಗೆ ಯಾರಾದರೂ “ಲೋಹ ಕ್ಷೇತ್ರದ ಸಾಧಕ” ಎಂದು ಫಲಕ ಕೊಟ್ಟರೆ ನಾನು ಬಳೆ ಮಾಡಿದವನೋ, ಬೀಗ ಮಾಡಿದವನೋ, ಗುಜರಿ ಹೆಕ್ಕಿದವನೋ ಮೊಮ್ಮಕ್ಕಳಿಗೆ ತಿಳಿಯಲಿಕ್ಕಿಲ್ಲ. “ವಿಜ್ಞಾನ ಕ್ಷೇತ್ರ” ಅಂದರೂ ಅದೇ ಕಥೆ.

ಈ ವಿಷಯದಲ್ಲಿ ನೊಬೆಲ್ ಕೊಡುವವರು ಮಹಾ ಜಿಪುಣರು. 1930ರಲ್ಲಿ ಸಿ.ವಿ. ರಾಮನ್ ಅವರಿಗೆ ಕೊಟ್ಟದ್ದು ಯಾಕೆ? ಬೆಳಕಿನ ಚದುರುವಿಕೆಯ ಮೇಲಿನ ಕೆಲಸಕ್ಕಾಗಿ, ಅವರದೇ ಹೆಸರು ಹೊತ್ತ ಪರಿಣಾಮದ ಶೋಧಕ್ಕಾಗಿ. ಅಲ್ಲಿಗೆ ಮುಗಿಯಿತು. ಮೇರು ಇಲ್ಲ, ಧೀಮಂತ ಇಲ್ಲ. ಐನ್‌ಸ್ಟೀನರ 1921ರ ಬಹುಮಾನದ ಸಾಲಿನಲ್ಲಿ ಅವರಿಗೆ ಹೆಸರು ತಂದ ಸಾಪೇಕ್ಷತಾ ಸಿದ್ಧಾಂತದ ಹೆಸರೇ ಇಲ್ಲ. ಭೌತಶಾಸ್ತ್ರದ ಸಿದ್ಧಾಂತಗಳಿಗೆ ಅವರು ಮಾಡಿದ ಸೇವೆ, ಅದರಲ್ಲೂ ದ್ಯುತಿವಿದ್ಯುತ್ ಪರಿಣಾಮದ (ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದು) ನಿಯಮ ಕಂಡುಹಿಡಿದದ್ದು ಎಂದಿದೆ. ಯಾವುದಕ್ಕೆ ಕೊಟ್ಟದ್ದು, ಯಾವುದಕ್ಕೆ ಅಲ್ಲ ಅಂತ ಲೆಕ್ಕ ಇಟ್ಟು ಬರೆದ ಸಾಲು ಅದು. ಇನ್ನೊಂದು, ಈ ಸಾಲು ಇರುವುದು ಜೊತೆಗೆ ಕೊಡುವ ಪತ್ರದಲ್ಲಿ. ಭೌತ, ರಸಾಯನದ ಪದಕದಲ್ಲಿ ಕೊರೆಯುವುದು ಹೆಸರು ಮತ್ತು ಇಸವಿ ಮಾತ್ರ. 66 ಮಿಲಿಮೀಟರ್ ಅಗಲದ ಬಿಲ್ಲೆ ಅದು. ನೀವು ಎರಡಿಂಚಿನದ್ದು ಕೊಟ್ಟು ಏಳು ಸಾಲು ಕೂರಿಸಿ ಅಂದರೆ ಓದಲಿಕ್ಕೆ ಭೂತಗನ್ನಡಿ ಬೇಕಾದೀತು.

“ಆಚಾರ್ರೇ, ನೊಬೆಲ್ಲಿನ ಹಾಗೆ ಬಂಗಾರದ್ದೇ ಇರ್ಲಿ” ಅನ್ನುವವರೂ ಉಂಟು. ನೊಬೆಲ್ ಪದಕ 1980ರವರೆಗೆ 23 ಕ್ಯಾರೆಟ್, ಈಗ 18 ಕ್ಯಾರೆಟ್, ಮೇಲೊಂದು 24 ಕ್ಯಾರೆಟ್ ಲೇಪ. ತೂಕ 175 ಗ್ರಾಂ. ಇವತ್ತಿನ ರೇಟು ನೀವೇ ಗುಣಿಸಿಕೊಳ್ಳಿ. ನಮ್ಮದು ಹಿತ್ತಾಳೆ, ಮೇಲೆ ಚಿನ್ನದ ಗಿಲೀಟು. ಬಿಲ್ಲಿನಲ್ಲೂ ಹಾಗೇ ಬರೆಯುತ್ತೇನೆ. ವೇದಿಕೆಯಲ್ಲಿ “ಚಿನ್ನದ ಪದಕ” ಅಂತ ಕೂಗುವುದು ನಿಮ್ಮ ಜವಾಬ್ದಾರಿ.

ಬಂಗಾರದ ಮಾತು ಬಂದಾಗ ಅಪ್ಪನಿಗೆ ಬಹಳ ಹಿಡಿಸಿದ್ದ ಒಂದು ಸಂಗತಿ ಹೇಳಲೇಬೇಕು. ಜರ್ಮನಿಯ ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ, ಜೇಮ್ಸ್ ಫ್ರಾಂಕ್ ಇಬ್ಬರ ನೊಬೆಲ್ ಪದಕಗಳು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ವಿಜ್ಞಾನಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದವು. 1940ರಲ್ಲಿ ಹಿಟ್ಲರನ ಸೈನ್ಯ ಊರೊಳಗೆ ಬಂತು. ಜರ್ಮನಿಯಿಂದ ಚಿನ್ನ ಹೊರಗೆ ಸಾಗಿಸುವುದು ಆಗ ದೊಡ್ಡ ಅಪರಾಧ, ಪದಕದ ಮೇಲೋ ಹೆಸರು ಕೊರೆದಿದೆ. ಹೂಳೋಣವೆಂದರೆ ಅಗೆದು ತೆಗೆದಾರು. ಅಲ್ಲಿದ್ದ ಹೆವೆಸಿ ಎಂಬ ರಸಾಯನ ವಿಜ್ಞಾನಿ ಎರಡನ್ನೂ ಆಮ್ಲದಲ್ಲಿ ಕರಗಿಸಿದರು. ಚಿನ್ನ ಶುದ್ಧಿ ಮಾಡಲಿಕ್ಕೆ ಅಪ್ಪ ಬೆರೆಸುತ್ತಿದ್ದದ್ದೇ: ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್. ಅಪ್ಪ ಹೇಳುತ್ತಿದ್ದರು, “ಅಷ್ಟು ದಪ್ಪ ಬಿಲ್ಲೆ ಕರಗಲಿಕ್ಕೆ ಎಷ್ಟು ಹೊತ್ತು ಬೇಕು ಗೊತ್ತುಂಟಾ? ಹೊರಗೆ ಬೂಟಿನ ಸದ್ದು ಬೇರೆ!” ಆ ದ್ರಾವಣದ ಜಾಡಿ ಕಪಾಟಿನಲ್ಲೇ ಉಳಿಯಿತು, ಯಾರೂ ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಚಿನ್ನ ತೆಗೆದು ಸ್ವೀಡನ್ನಿಗೆ ಕಳುಹಿಸಿದರು, ಪದಕ ಮತ್ತೆ ಅಚ್ಚಾಗಿ ಬಂತು.

ಕಳೆದ ವರ್ಷ ಉಡುಪಿ ಕಡೆಯ ಶಾಲೆಯೊಂದಕ್ಕೆ ಯು.ಆರ್. ರಾವ್ ಹೆಸರಿನ ರೋಲಿಂಗ್ ಶೀಲ್ಡ್ ಮಾಡಿದೆ. ದೇಶದ ಮೊದಲ ಉಪಗ್ರಹದ ಕೆಲಸ ಮುನ್ನಡೆಸಿದ ವಿಜ್ಞಾನಿ, ಅದಮಾರಿನವರು, ನಮ್ಮವರು. ಶಾಲೆಯವರು ಕೊಟ್ಟ ಒಕ್ಕಣೆಯಲ್ಲಿ “ವಿಶ್ವವಿಖ್ಯಾತ” ಎರಡು ಸಲ, ಉಪಗ್ರಹ ಒಂದು ಸಲವೂ ಇಲ್ಲ! ಮಾಸ್ಟ್ರನ್ನು ಒಪ್ಪಿಸಿ ಹೆಸರಿನ ಕೆಳಗೆ “ಆರ್ಯಭಟ ಉಪಗ್ರಹ, 19 ಏಪ್ರಿಲ್ 1975” ಅಂತ ಕೊರೆದೆ. ಗೆದ್ದ ಹುಡುಗ ಆರ್ಯಭಟ ಅಂದರೆ ಯಾವುದು ಅಂತ ಮನೆಯಲ್ಲಿ ಕೇಳಿದನಂತೆ.

ಆದರೆ ಎಲ್ಲರೂ ಒಪ್ಪುವುದಿಲ್ಲ. ಒಂದು ಸಮಿತಿಯವರು ಮೀನುಗಾರಿಕೆಯಲ್ಲಿ ಸಂಶೋಧನೆ ಮಾಡಿದ ನಿವೃತ್ತ ಮೇಡಂ ಒಬ್ಬರನ್ನು ಸನ್ಮಾನಿಸಿದರು. ವಾರ ಕಳೆದು ಆ ಮೇಡಂ ಫಲಕವನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಸೀದಾ ನನ್ನಲ್ಲಿಗೆ ಬಂದರು. ಇನಿಶಿಯಲ್ ತಪ್ಪಾಗಿತ್ತು. ನನ್ನದೇ ತಪ್ಪು, ಪುಕ್ಕಟೆ ಸರಿಮಾಡಿದೆ. ಕೂತ ಹೊತ್ತಿಗೆ ಕೇಳಿದೆ, “ಮೇಡಂ, ನೀವು ಮಾಡಿದ್ದು ಎಂತದ್ದು?”

“ಬೂತಾಯಿಯ ಕಿವಿಯೊಳಗೆ ಒಂದು ಸಣ್ಣ ಕಲ್ಲು ಇರ್ತದೆ ಆಚಾರ್ರೇ. ಮರದ ಹಾಗೆ ಅದರಲ್ಲೂ ಬಳೆಬಳೆ. ಅದನ್ನು ಎಣಿಸಿ ಮೀನಿಗೆ ವಯಸ್ಸೆಷ್ಟು ಹೇಳ್ಬಹುದು. ಹನ್ನೆರಡು ವರ್ಷ ಅದನ್ನೇ ಎಣಿಸಿದೆ.” ಉಗುರಿನ ತುದಿ ತೋರಿಸಿ, “ಇದರ ಅರ್ಧವೂ ಇಲ್ಲ” ಅಂದರು.

ಹೊಸ ತಗಡಿನಲ್ಲಿ “ಬೂತಾಯಿಯ ವಯಸ್ಸು ಎಣಿಸಿದವರು” ಅಂತ ಹಾಕುವುದಾ ಕೇಳಿದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕು, ಹಾಕಿ ಅಂದರು. ನನಗೆ ಬುದ್ಧಿ ಇಲ್ಲದೆ ಸಮಿತಿಗೆ ಫೋನು ಮಾಡಿದೆ. “ಬೂತಾಯಿ ಗೀತಾಯಿ ಬೇಡ ಆಚಾರ್ರೇ, ಜನ ನಗಾಡ್ತಾರೆ. ಅಪ್ರತಿಮ ಅಂತಲೇ ಇರ್ಲಿ.” ದುಡ್ಡು ಕೊಟ್ಟವರು ಅವರು, ಫಲಕ ಹಾಗೇ ಹೋಯಿತು.

ಬೂತಾಯಿಯ ತಗಡು ಅಷ್ಟರೊಳಗೆ ಕೊರೆದಾಗಿತ್ತು. ಅದನ್ನು ಮೇಡಂ ಬೇರೆಯೇ ಕೇಳಿ, ನೂರಿಪ್ಪತ್ತು ರೂಪಾಯಿ ಮೇಜಿನ ಮೇಲಿಟ್ಟು, ಪರ್ಸಿನಲ್ಲಿ ಹಾಕಿಕೊಂಡು ಹೋದರು.