ಇವತ್ತು ಉದುರಿದ ಕೂದಲು, ಮೂರು ತಿಂಗಳ ಹಿಂದಿನ ಲೆಕ್ಕ

ಕಾಲೇಜು ಶುರುವಾದ ಹೊಸದರಲ್ಲಿ ದಾವಣಗೆರೆಯ ಹಾಸ್ಟೆಲ್‌ಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ: "ಇಲ್ಲಿನ ನೀರು ಆಗಿಬರ್ತಿಲ್ಲ. ಬಂದು ಇಪ್ಪತ್ತು ದಿನ ಆಗಿಲ್ಲ, ತಲೆ ಬಾಚಿದ್ರೆ ಕೈತುಂಬ ಕೂದಲು." ಬೋರ್ ನೀರು, ಗಡಸು ನೀರು, ಚಿತ್ರದುರ್ಗದ ಕಡೆಯಾದರೆ ಫ್ಲೋರೈಡ್ ನೀರು. ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಮಾರುವವರಿಗೆ ಇದೇ ಸುಗ್ಗಿ. ಆದರೆ ಆ "ಇಪ್ಪತ್ತು ದಿನ" ಅನ್ನುವ ಮಾತೇ ನೀರಿನ ಪರ ಸಾಕ್ಷಿ ಹೇಳುತ್ತಿದೆ. ಇಪ್ಪತ್ತು ದಿನದ ಹಿಂದೆ ಶುರುವಾದ ಕಾರಣಕ್ಕೆ ಕೂದಲು ಸಾಮಾನ್ಯವಾಗಿ ಇವತ್ತು ಉದುರುವುದಿಲ್ಲ.

ಉದುರಿದ ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣದಾದ ಬಿಳಿ ಗಂಟು ಕಾಣುತ್ತದೆ. "ಬುಡಸಮೇತ ಕಿತ್ತು ಬಂತು" ಎಂದು ಜನ ಗಾಬರಿಯಾಗುವುದು ಇದನ್ನು ಕಂಡೇ. ಅದು ಬುಡವಲ್ಲ, ಬೆಳವಣಿಗೆ ಮುಗಿಸಿದ ಕೂದಲಿನ ಗಟ್ಟಿಯಾದ ಕೊನೆ. ಹೊಸ ಕೂದಲು ಹುಟ್ಟಿಸುವ ಕೋಶಗಳೆಲ್ಲ ಚರ್ಮದೊಳಗೇ ಇವೆ. ಚನ್ನಗಿರಿಯ ತೋಟದಲ್ಲಿ ಹಣ್ಣಾದ ಅಡಿಕೆ ಸೋಗೆ ಹಾಳೆಸಮೇತ ಕಳಚಿ ಬಿದ್ದರೆ ಮರ ಸತ್ತಿತೆಂದು ಯಾರೂ ಅಳುವುದಿಲ್ಲ. ಗಂಟಿರುವ ಕೂದಲೂ ಹಾಗೆಯೇ ಕಳಚಿದ್ದು. ಗಂಟಿಲ್ಲದೆ ಎರಡೂ ಕಡೆ ತುಂಡಾಗಿದ್ದರೆ ಮಾತ್ರ ಅದು ನಡುವೆ ಮುರಿದದ್ದು. ಗಡಸು ನೀರಿನ ಮೇಲೆ ಏನಾದರೂ ಆರೋಪ ಹೊರಿಸುವುದಿದ್ದರೆ ಇಷ್ಟೇ: ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಜೊತೆ ಸೇರಿ ಎಳೆಯ ಮೇಲೆ ಕೂತು ಒರಟು ಮಾಡುತ್ತವೆ, ಸಿಕ್ಕಾಗುತ್ತದೆ, ಬಾಚುವಾಗ ಮುರಿಯುತ್ತದೆ. ಫ್ಲೋರೈಡ್ ಹಾಳು ಮಾಡುವುದು ಹಲ್ಲು ಮತ್ತು ಮೂಳೆಯನ್ನು.

ಈಗ ಲೆಕ್ಕಕ್ಕೆ ಬನ್ನಿ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆಯುತ್ತದೆ (ಅನಾಜೆನ್), 2-3 ವಾರದಲ್ಲಿ ಮುದುಡುತ್ತದೆ (ಕ್ಯಾಟಜೆನ್), ಸುಮಾರು 3 ತಿಂಗಳು ಸುಮ್ಮನೆ ಕೂರುತ್ತದೆ (ಟೆಲೋಜೆನ್), ಆಮೇಲೆ ಬೀಳುತ್ತದೆ. ಯಾವುದೇ ದಿನ ನೂರಕ್ಕೆ ಹತ್ತು ಕೂದಲು ವಿಶ್ರಾಂತಿಯಲ್ಲಿರುತ್ತವೆ ಅನ್ನಿ, ಅಂದರೆ 10,000. ಅವು ಸುಮಾರು 100 ದಿನದಲ್ಲಿ ಬೀಳಬೇಕು. ದಿನಕ್ಕೆ 100 ಆಯಿತಲ್ಲ! ವೈದ್ಯರು "ದಿನಕ್ಕೆ ನೂರರವರೆಗೆ ಸಹಜ" ಅನ್ನುವುದು ಇದನ್ನೇ. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಆ ಒಂದು ದಿನ ಮುಷ್ಟಿ ತುಂಬ ಬಂದರೆ ಅದು ವಾರದ ಬಾಕಿ.

ಜೋರು ಜ್ವರ ಬಂತು, ಡೆಂಗಿಯೋ ಟೈಫಾಯಿಡೋ. ಇಲ್ಲವೇ ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವ ಹಟ. ಆಗ ಬೆಳೆಯುತ್ತಿದ್ದ ಕೂದಲಲ್ಲಿ ದೊಡ್ಡ ಪಾಲು ಒಟ್ಟಿಗೇ ಕೆಲಸ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತದೆ. ಹತ್ತರ ಜಾಗದಲ್ಲಿ ಮೂವತ್ತು ಎಂದಿಟ್ಟುಕೊಳ್ಳಿ. ಅವತ್ತು ತಲೆ ನೋಡಿದರೆ ಏನೂ ಗೊತ್ತಾಗದು. ಎರಡು-ಮೂರು ತಿಂಗಳು ಕಳೆದ ಮೇಲೆ, ಜ್ವರ ಮರೆತೇ ಹೋದಾಗ, ದಿನಕ್ಕೆ 300 ಬೀಳತೊಡಗುತ್ತವೆ. ಇದಕ್ಕೆ ಟೆಲೋಜೆನ್ ಎಫ್ಲೂವಿಯಂ ಎಂಬ ಹೆಸರು ಕೊಟ್ಟವರು ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್, 1961ರಲ್ಲಿ. ಸೆಪ್ಟೆಂಬರಿನಲ್ಲಿ ಹಾಸ್ಟೆಲಲ್ಲಿ ಉದುರಿದ್ದಕ್ಕೆ ಜೂನಿನಲ್ಲಿ ಊರಲ್ಲೇ ಏನೋ ನಡೆದಿರಬೇಕು.

ಮುಂದಿನದು ಇನ್ನೂ ಸ್ವಾರಸ್ಯ. ಈ ಉದುರುವಿಕೆ ಸಾಮಾನ್ಯವಾಗಿ 6 ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಹಾಗಾಗಿ ಎರಡನೆಯ ತಿಂಗಳಲ್ಲಿ ಏನೇ ಹಚ್ಚಿದರೂ ಅದಕ್ಕೇ ಕೀರ್ತಿ! ಗರಗದ ಸೊಪ್ಪಿನ ಎಣ್ಣೆಯಿಂದ ಹರಕೆಯ ಮುಡಿಯವರೆಗೆ ಎಲ್ಲದಕ್ಕೂ "ನಮಗೆ ಗುಣ ಆಯ್ತು" ಅನ್ನುವವರು ಸಿಗುವುದು ಇದರಿಂದಲೇ. ಕೊಬ್ಬರಿ ಎಣ್ಣೆ ದಂಡವಲ್ಲ, ತೊಳೆಯುವಾಗ ಎಳೆಯಿಂದ ಪ್ರೋಟೀನ್ ಹೋಗುವುದನ್ನು ಅದು ತಗ್ಗಿಸುತ್ತದೆ. ಅದು ಎಳೆಗೆ ಮಾಡುವ ಉಪಕಾರ, ಬೇರಿಗಲ್ಲ. ಬೋಳಿಸಿದರೆ ದಟ್ಟವಾಗಿ ಬರುವುದೂ ಇಲ್ಲ. ಕತ್ತಿ ತಾಗಿದ ತುದಿ ಮೊಂಡಾಗಿ ದಪ್ಪ ಕಾಣುತ್ತದೆ, ಅಷ್ಟೆ. ಹೊಸ ಕೂದಲು ತಿಂಗಳಿಗೆ 1 ಸೆಂ.ಮೀ. ಬೆಳೆಯುವುದರಿಂದ ಮೊಳದುದ್ದದ ಜಡೆ ಮೊದಲಿನಂತಾಗಲು ಮೂರ್ನಾಲ್ಕು ವರ್ಷ ಬೇಕು.

6 ತಿಂಗಳಾದರೂ ನಿಲ್ಲದಿದ್ದರೆ ಕಾರಣ ಇನ್ನೂ ನಡೆಯುತ್ತಿದೆ ಎಂದರ್ಥ. ಹುಡುಗಿಯರಲ್ಲಿ ಮೊದಲು ನೋಡಬೇಕಾದ್ದು ಕಬ್ಬಿಣ. ಹಿಮೋಗ್ಲೋಬಿನ್ ಸರಿಯಿದ್ದೂ ದಾಸ್ತಾನು ತೋರಿಸುವ ಫೆರಿಟಿನ್ ತಳ ಹಿಡಿದಿರಬಹುದು. ಆಮೇಲೆ ಥೈರಾಯ್ಡ್.

ಮೂರು ತಿಂಗಳ ಲೆಕ್ಕ ಮೀರಿ ದಿನಗಳಲ್ಲೇ ಕೂದಲು ಹೋದರೆ ಅದು ಬೇರೆಯೇ ಮಾತು. ಕ್ಯಾನ್ಸರ್ ಔಷಧ, ಕೆಲವು ವಿಷಗಳು ಬೆಳೆಯುವ ಹಂತದಲ್ಲೇ ಹೊಡೆಯುತ್ತವೆ. 2024ರ ಕೊನೆಯಲ್ಲಿ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಹಳ್ಳಿಗಳಲ್ಲಿ ನಾಲ್ಕೈದು ದಿನಕ್ಕೇ ತಲೆ ಬೋಳಾಗತೊಡಗಿದಾಗ ಅಲ್ಲಿಯೂ ಮೊದಲು ಸಿಕ್ಕಿಬಿದ್ದದ್ದು ನೀರೇ. ಆಮೇಲೆ ಅವರ ದೇಹದಲ್ಲಿ ಮಿತಿಮೀರಿದ ಸೆಲೆನಿಯಂ ಕಂಡು, ಅನುಮಾನ ಪಡಿತರದ ಗೋಧಿಯ ಕಡೆ ಹೊರಳಿತು.

ಗಂಡಸರ ಬೋಳುತಲೆಗೆ ಹೆಲ್ಮೆಟ್ಟನ್ನು ಬೈಯುವುದೂ ವ್ಯರ್ಥ. ಬೀಜ ಒಡೆಸಿಕೊಂಡ (ವೃಷಣ ಕಳೆದುಕೊಂಡ) ಗಂಡಸರು ಬೋಳಾಗುವುದಿಲ್ಲ ಎಂದು ಹಿಪಾಕ್ರಟಿಸನ ಕಾಲದ ಗ್ರೀಕರೇ ಗಮನಿಸಿದ್ದರು. 1942ರಲ್ಲಿ ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ ಅಂಥವರಿಗೆ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೊಟ್ಟು ನೋಡಿದರು: ಮನೆತನದಲ್ಲಿ ಬೋಳಿದ್ದವರಿಗೆ ಕೂದಲು ತೆಳುವಾಗತೊಡಗಿತು. ಹಾರ್ಮೋನೂ ಬೇಕು, ವಂಶವೂ ಬೇಕು. ಇಲ್ಲಿ ಕೂದಲು ಉದುರುವುದಕ್ಕಿಂತ ಪ್ರತಿ ಸುತ್ತಿಗೂ ಸಣ್ಣದಾಗುವುದೇ ರೋಗ. ಚಿಕಿತ್ಸೆ 5% ಮಿನಾಕ್ಸಿಡಿಲ್ ದ್ರಾವಣ, ದಿನಕ್ಕೆರಡು ಸಲ 1 ಮಿ.ಲೀ. ಒಣ ತಲೆಯಲ್ಲಿ ಬೈತಲೆ ತೆಗೆದು ಚರ್ಮಕ್ಕೆ ಹಚ್ಚಬೇಕು, ನಾಲ್ಕು ತಾಸು ತೊಳೆಯಬಾರದು. ಅರ್ಧ ಜನ ಇದನ್ನು ಎಣ್ಣೆಯಂತೆ ಕೂದಲಿಗೆ ಸವರಿಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ. ಉಳಿದರ್ಧ ಜನ ಮೊದಲ ತಿಂಗಳೇ ಉದುರುವುದು ಹೆಚ್ಚಾಯಿತೆಂದು ಬಾಟಲಿ ಎಸೆಯುತ್ತಾರೆ. ಕೂತಿದ್ದ ಹಳೆಯ ಕೂದಲನ್ನು ಔಷಧ ಹೊರದಬ್ಬಿದ್ದರಿಂದ ಹಾಗಾಗುತ್ತದೆ; 4ರಿಂದ 6 ತಿಂಗಳು ಕಾಯಲೇಬೇಕು. ಬಿಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಇದು ಬೇಡ. ಇದೇ ಬೋಳುತಲೆಗೆ ಕೊಡುವ 1 ಮಿ.ಗ್ರಾಂ ಫಿನಾಸ್ಟರೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಕೆಲವರಲ್ಲಿ ಕಾಮಾಸಕ್ತಿ ತಗ್ಗಿಸುತ್ತದೆ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ರಕ್ತದಲ್ಲಿ ನೋಡುವ ಪಿಎಸ್‌ಎ ಅಂಕಿಯನ್ನು ಅರ್ಧಕ್ಕಿಳಿಸಿ ಪರೀಕ್ಷೆಯ ದಾರಿ ತಪ್ಪಿಸುತ್ತದೆ.

ನಿಜಕ್ಕೂ ಸಿಟ್ಟು ಬರುವುದು "ಹುಳ ತಿಂದಿದೆ" ಎಂಬ ಮಾತಿಗೆ. ನಾಣ್ಯದಗಲ ನುಣ್ಣಗೆ ಬೋಳಾದ ಜಾಗ, ಹೊಟ್ಟಿಲ್ಲ, ಅಂಚಿನಲ್ಲಿ ಬುಡದ ಕಡೆ ಸಣ್ಣಗಾದ ಮೋಟುಕೂದಲು, ಕೆಲವೊಮ್ಮೆ ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿ: ಇದು ಅಲೋಪೇಶಿಯಾ ಏರಿಯೇಟಾ. ದೇಹದ ರಕ್ಷಣಾ ಕೋಶಗಳೇ ಕೂದಲಿನ ಬುಡದ ಮೇಲೆ ಬಿದ್ದಿರುತ್ತವೆ. ಇದಕ್ಕೆ ಗುಲಗಂಜಿ ಅರೆದು ಹಚ್ಚುವವರಿದ್ದಾರೆ. ಗುಲಗಂಜಿಯಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ. ಕೆರೆದ ಚರ್ಮಕ್ಕೆ ಹಚ್ಚಿ ಹುಣ್ಣಾಗಿ ಕಲೆ ಕಟ್ಟಿದರೆ ತಾನಾಗಿ ಬರುತ್ತಿದ್ದ ಕೂದಲೂ ಬರುವುದಿಲ್ಲ. ಚಳ್ಳಕೆರೆ, ಹಿರಿಯೂರಿನ ಈರುಳ್ಳಿ ಬೆಳೆಗಾರರಿಗೆ ಖುಷಿಯಾಗಲಿ ಎಂದು ಹೇಳುತ್ತೇನೆ: ಈರುಳ್ಳಿ ರಸ ಹಚ್ಚಿದವರಲ್ಲಿ ಹೆಚ್ಚು ಜನಕ್ಕೆ ಕೂದಲು ಬಂತೆಂದು 2002ರಲ್ಲಿ ಇರಾಕಿನ ವೈದ್ಯರು ಬರೆದಿದ್ದರು. ಆದರೆ ಅದು 38 ಜನರ ಪುಟ್ಟ ಪ್ರಯೋಗ, ಸಣ್ಣ ತೇಪೆಗಳು ವರ್ಷದೊಳಗೆ ತಾವೇ ತುಂಬಿಕೊಳ್ಳುವ ರೋಗ. ಚರ್ಮತಜ್ಞರು ಟ್ರಯಾಮ್ಸಿನಲೋನ್ ಸ್ಟಿರಾಯ್ಡನ್ನು ತೇಪೆಯೊಳಗೆ ಒಂದೊಂದು ಸೆಂ.ಮೀ. ಬಿಟ್ಟು ಹನಿಹನಿಯಾಗಿ ಚುಚ್ಚುತ್ತಾರೆ, 4ರಿಂದ 6 ವಾರಕ್ಕೊಮ್ಮೆ. ಸಾಂದ್ರತೆ ಹೆಚ್ಚಾದರೆ ಚರ್ಮ ಗುಳಿ ಬೀಳುತ್ತದೆ.

ಶಾಲೆಯ ಮಗುವಿನ ತಲೆಯಲ್ಲಿ ತೇಪೆಯ ಜೊತೆ ಹೊಟ್ಟು, ತುರಿಕೆ, ಕಪ್ಪುಚುಕ್ಕೆ ಇದ್ದರೆ ಅದು ಶಿಲೀಂಧ್ರ, ಬಾಚಣಿಗೆಯಿಂದ ಹರಡುತ್ತದೆ. ಮೆಡಿಕಲ್ ಶಾಪಿನ ಮುಲಾಮು ಬುಡಕ್ಕೆ ಇಳಿಯುವುದಿಲ್ಲ, ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಸೋಂಕು ಇನ್ನೂ ಹಬ್ಬುತ್ತದೆ. ಗ್ರಿಸಿಯೋಫಲ್ವಿನ್‌ನಂಥ ಮಾತ್ರೆಯನ್ನೇ 6-8 ವಾರ ನುಂಗಬೇಕು.

ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಎಣ್ಣೆ ಹಚ್ಚಬೇಡಿ, ಆ ದಿನ ತಲೆಸ್ನಾನವೂ ಬೇಡ. 50-60 ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ಆರಕ್ಕಿಂತ ಹೆಚ್ಚು ಬಂದವೇ ಎಂದು ಅವರು ನೋಡುತ್ತಾರೆ. ಬೆಳಿಗ್ಗೆಯೇ ತೊಳೆದಿದ್ದರೆ ಬರುವುದೆಲ್ಲ ಬಂದು ಹೋಗಿರುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ತಪ್ಪದೆ ಹೇಳಿ, ರಕ್ತ ಕೊಡುವ ಎರಡು-ಮೂರು ದಿನ ಮೊದಲೇ ನಿಲ್ಲಿಸಿ. ಅದು ಥೈರಾಯ್ಡ್ ವರದಿಯನ್ನು ಸುಳ್ಳಾಗಿಸುತ್ತದೆ. ಕಳೆದ ಆರು ತಿಂಗಳ ಜ್ವರ, ಹೆರಿಗೆ, ಆಪರೇಷನ್, ಡಯಟ್, ಹೊಸ ಮಾತ್ರೆಗಳ ತಾರೀಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಶಾಂಪೂ ಬಾಟಲಿ ತೋರಿಸುವ ಅಗತ್ಯ ಬರುವುದಿಲ್ಲ.