ನೇರಳೆ ಕೂಲೆಂಟ್‌ಗೆ ಹಸಿರು ಸೇರಿಸಬಹುದೇ?

ಪ್ರಶ್ನೆ: ನನ್ನದು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಮಿನಿಮಮ್ ಗೆರೆಗಿಂತ ಕೆಳಗಿಳಿದಿದೆ. ಟ್ಯಾಂಕಿನಲ್ಲಿರುವುದು ನೇರಳೆ, ಅಂಗಡಿಯಲ್ಲಿ ಸಿಗುವುದು ಹಸಿರು. ಸೇರಿಸಬಹುದೇ? ಜೋರಾಗಿ ಓಡಿಸುವ ಕಾರಾದ್ದರಿಂದ ನೀರು ಕಡಿಮೆ ಮಾಡಿ ಸ್ವಲ್ಪ ಗಟ್ಟಿಯಾಗಿ ಹಾಕಿದರೆ ಒಳ್ಳೆಯದಲ್ಲವೇ?

ಉತ್ತರ: ಎರಡೂ ಬೇಡ.

ಬಣ್ಣವೆಂದರೆ ಬರೀ ಡೈ. ಒಂದು ಕಂಪನಿಯ ಹಸಿರಿಗೂ ಇನ್ನೊಂದರ ಹಸಿರಿಗೂ ಸಂಬಂಧವೇ ಇರಬೇಕೆಂದಿಲ್ಲ. ನೋಡಬೇಕಾದ್ದು ಡಬ್ಬದ ಹಿಂಬದಿಯ ನಂಬರ್. ನಿಮ್ಮ ಕಾರಿಗೆ ಫೋಕ್ಸ್‌ವ್ಯಾಗನ್ ಗುಂಪಿನ ಮಾನದಂಡವಾದ ಟಿಎಲ್ 774-ಜೆ, ಅಂದರೆ ಜಿ13, ಅಥವಾ ಅದರ ನಂತರ ಬಂದ ಟಿಎಲ್ 774-ಎಲ್, ಅಂದರೆ ಜಿ12 ಇವೊ ಎಂದಿರಬೇಕು. ಜಿ13 ಇರುವ ಟ್ಯಾಂಕಿಗೆ ಜಿ12 ಇವೊ ಹಾಕಬಹುದು. ‘ಎಲ್ಲ ಕಾರಿಗೂ ಆಗುತ್ತದೆ’ ಎಂದಷ್ಟೇ ಬರೆದು ನಂಬರ್ ಕೊಡದ ಡಬ್ಬವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ವ್ಯತ್ಯಾಸವಿರುವುದು ತುಕ್ಕು ತಡೆಯುವ ರಾಸಾಯನಿಕಗಳಲ್ಲಿ. ಹಳೆಯ ಕಾಲದ ಹಸಿರು ಕೂಲೆಂಟಿನ ಸಿಲಿಕೇಟ್ ಅಲ್ಯೂಮಿನಿಯಂ ಮೇಲೆ ಬೇಗ ಪದರ ಕಟ್ಟುತ್ತದೆ, ಆದರೆ ಸುಮಾರು 2 ವರ್ಷದಲ್ಲಿ ಖಾಲಿಯಾಗುತ್ತದೆ. ಸಾವಯವ ಆಮ್ಲದ ಕೂಲೆಂಟ್ ತುಕ್ಕು ಶುರುವಾಗುವ ಜಾಗದಲ್ಲಷ್ಟೇ ಕೆಲಸ ಮಾಡುವುದರಿಂದ ಹೆಚ್ಚು ವರ್ಷ ಬಾಳುತ್ತದೆ. ಗಡಸು ನೀರಿನ ಜೊತೆ ಇನ್ನೊಂದು ತುಕ್ಕುನಿರೋಧಕವಾದ ಫಾಸ್ಫೇಟ್ ಸೇರಿದರೆ ಬಿಳಿ ಹಕ್ಕಳೆ ಕಟ್ಟುತ್ತದೆಂದು ಯುರೋಪಿನವರು ಅದನ್ನು ದೂರ ಇಟ್ಟರು. ವಾಟರ್ ಪಂಪಿನ ಸೀಲ್ ಸವೆಯುತ್ತದೆಂದು ಜಪಾನಿನವರು ಸಿಲಿಕೇಟ್ ಬಿಟ್ಟು ಫಾಸ್ಫೇಟ್ ಹಿಡಿದರು. ಒಂದಕ್ಕೊಂದು ಬೆರೆಸಿದರೆ ಎರಡರ ರಕ್ಷಣೆಯೂ ಕುಂದುತ್ತದೆ, ಕೆಲವೊಮ್ಮೆ ಲೋಳೆಯಾಗುತ್ತದೆ. ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ನ ಸಣ್ಣ ಕೊಳವೆಗಳಿಗೆ ಮೊದಲ ಪೆಟ್ಟು. ಟ್ಯಾಂಕಿನಲ್ಲಿ ಕಂದು ಬಣ್ಣ ಕಂಡರೆ ಟಾಪ್‌ಅಪ್ ಮಾತೇ ಬೇಡ, ಪೂರ್ತಿ ಇಳಿಸಿ ತೊಳೆಯಬೇಕು.

ಇನ್ನು ಗಟ್ಟಿಯಾಗಿ ಹಾಕುವ ವಿಚಾರ. ಶಾಖವನ್ನು ಹೆಚ್ಚು ಹೊರುವುದು ನೀರು, ಕೂಲೆಂಟಿನ ಮೂಲ ದ್ರವವಾದ ಗ್ಲೈಕಾಲ್ ಅಲ್ಲ. ಒಂದು ಕೆ.ಜಿ. ನೀರು ಒಂದು ಡಿಗ್ರಿ ಏರಲು 4.2 ಕಿಲೋಜೂಲ್ ಶಾಖ ಹೀರಿದರೆ, ಅರ್ಧಕ್ಕರ್ಧ ಮಿಶ್ರಣ ಹೀರುವುದು ಸುಮಾರು 3.5, ಬರೀ ಗ್ಲೈಕಾಲ್ 2.4ರ ಆಸುಪಾಸು. ಗ್ಲೈಕಾಲ್ ಹೆಚ್ಚಿಸಿದಷ್ಟೂ ಎಂಜಿನ್ ಬಿಸಿಯಾಗಿಯೇ ಓಡುತ್ತದೆ. ಕುದಿಯುವ ಬಿಂದು ಏರುತ್ತದಲ್ಲ ಎನ್ನಬಹುದು. ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ ಕುದಿಯುವುದು ಸುಮಾರು 107 ಡಿಗ್ರಿಗೆ. ಅದಕ್ಕಿಂತ 20 ಡಿಗ್ರಿ ಮೇಲಕ್ಕೆ ಒಯ್ಯುವುದು ಕೂಲೆಂಟ್ ಟ್ಯಾಂಕಿನ ಮುಚ್ಚಳ ಹಿಡಿದಿಡುವ ಒಂದು ಬಾರ್ ಒತ್ತಡ. ಹಾಗಾಗಿ ಸವೆದ ರಬ್ಬರಿನ ಮುಚ್ಚಳ ಬದಲಿಸಿದರೆ ಆಗುವ ಲಾಭ ಗಟ್ಟಿ ಕೂಲೆಂಟಿನಿಂದ ಆಗದು. ಕರ್ನಾಟಕದಲ್ಲಿ ಹಿಮಗಟ್ಟುವ ಭಯವಿಲ್ಲ, ಮಿಶ್ರಣದಲ್ಲಿ 40ರಿಂದ 50 ಪ್ರತಿಶತ ಕಾನ್ಸನ್‌ಟ್ರೇಟ್ (ನೀರು ಬೆರೆಸದ ಕೂಲೆಂಟ್) ಸಾಕು. ಆದರೆ 40ಕ್ಕಿಂತ ಇಳಿಸಬೇಡಿ, ತುಕ್ಕು ಹಿಡಿಯುತ್ತದೆ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಬೋರ್‌ವೆಲ್ ನೀರು ಖಂಡಿತ ಬೇಡ.

ಪೂರ್ತಿ ಬದಲಿಸುವಾಗ ಅನೇಕ ಗ್ಯಾರೇಜುಗಳಲ್ಲಿ ಆಗುವ ತಪ್ಪೊಂದಿದೆ. ತೊಳೆದ ನೀರು ಎಂಜಿನ್ ಬ್ಲಾಕಿನೊಳಗೆ ಒಂದಿಷ್ಟು ಉಳಿದೇ ಇರುತ್ತದೆ. ಅದರ ಮೇಲೆ ಮೊದಲೇ ನೀರು ಬೆರೆಸಿದ ರೆಡಿಮಿಕ್ಸ್ ಸುರಿದರೆ ಮಿಶ್ರಣ ತೆಳುವಾಗುತ್ತದೆ. ಒಟ್ಟು 8 ಲೀಟರ್ ಹಿಡಿಯುವ ಕಾರಾದರೆ ಮೊದಲು 4 ಲೀಟರ್ ಕಾನ್ಸನ್‌ಟ್ರೇಟ್ ಹಾಕಿ, ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿಸಬೇಕು. ಗಾಳಿ ಉಳಿಯದಂತೆ ಅದನ್ನು ಹೀರಿ ತೆಗೆದು ಕೂಲೆಂಟ್ ತುಂಬುವ ವ್ಯಾಕ್ಯೂಮ್ ಫಿಲ್ಲರ್ ಬಳಸಿದರೆ ಉತ್ತಮ. ಗಾಳಿಗುಳ್ಳೆ ಸಿಲಿಂಡರ್ ಹೆಡ್ಡಿನಲ್ಲಿ ಕೂತರೆ ಎಕ್ಸಾಸ್ಟ್ ವಾಲ್ವ್ ಸುತ್ತಲಿನ ಲೋಹಕ್ಕೆ ಕೂಲೆಂಟ್ ತಾಗುವುದೇ ಇಲ್ಲ.

ಟ್ರ್ಯಾಕಿಗೆ ಹೋಗುವವರು ಮೊದಲೇ ವಿಚಾರಿಸಿ. ಗ್ಲೈಕಾಲ್ ಚೆಲ್ಲಿದರೆ ರಸ್ತೆ ವಿಪರೀತ ಜಾರುವುದರಿಂದ ಹಲವೆಡೆ ಡಿಸ್ಟಿಲ್ಡ್ ವಾಟರ್ ಮತ್ತು ತುಕ್ಕುನಿರೋಧಕಕ್ಕೆ ಮಾತ್ರ ಅನುಮತಿ.

ಈಗ ನಿಮ್ಮ ಕಾರು. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ಇಷ್ಟು ಇಳಿದರೆ ಅದು ಎಲ್ಲೋ ಸೋರುತ್ತಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ ಭಾಗ) ಕೆಳಗೆ ನೋಡಿ. ವಾಟರ್ ಪಂಪ್ ಮತ್ತು ಥರ್ಮೋಸ್ಟ್ಯಾಟ್ ಕೂತಿರುವ ಪ್ಲಾಸ್ಟಿಕ್ ಹೌಸಿಂಗಿನ ಅಂಚಿನಲ್ಲಿ ಉಪ್ಪುಗಟ್ಟಿದಂಥ ಗುಲಾಬಿ ಪುಡಿ ಕಂಡರೆ ಸೋರಿಕೆ ಅಲ್ಲೇ. ಅಲ್ಲಿ ಒಣಗಿದ್ದು, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಸರಿಯಾದ ಕೂಲೆಂಟ್ ಸಿಗುವತನಕ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿಕೊಂಡು ಗ್ಯಾರೇಜ್ ತಲುಪಬಹುದು. ನೆಲಕ್ಕೆ ಬಿದ್ದ ಕೂಲೆಂಟನ್ನು ಕೂಡಲೇ ಒರೆಸಿ ತೊಳೆಯಿರಿ. ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ.