ರಾಜ್ಯದ ಗಡಿ ದಾಟಿದ ಕಾರು: 1930ರ ದಶಕದ ಗ್ಯಾಂಗ್‌ಸ್ಟರ್‌ಗಳು ಮತ್ತು ಎಫ್‌ಬಿಐ ಬೆಳೆದ ಬಗೆ

ಅಮೆರಿಕ ಇತಿಹಾಸದ ಈ ಭಾಗ ಓದುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಹೆಸರುಗಳ ಮೇಲೆ. ಡಿಲಿಂಜರ್, ಬೇಬಿ ಫೇಸ್ ನೆಲ್ಸನ್, ಪ್ರಿಟಿ ಬಾಯ್ ಫ್ಲಾಯ್ಡ್, ಮಷೀನ್ ಗನ್ ಕೆಲ್ಲಿ. ಹೆಸರುಗಳೇ ಅಷ್ಟು ರಂಗುರಂಗಾಗಿವೆ. ಆದರೆ ಬರೀ ಹೆಸರು, ತಾರೀಖು ಬಾಯಿಪಾಠ ಮಾಡಿದರೆ ನಾಲ್ಕು ದಿನದಲ್ಲಿ ಎಲ್ಲ ಕಲಸಿಹೋಗುತ್ತದೆ. ಒಬ್ಬೊಬ್ಬ ದರೋಡೆಕೋರನ ಕಥೆ ಬಂದಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವನನ್ನು ಹಿಡಿಯಲು ಕೇಂದ್ರ ಸರ್ಕಾರಕ್ಕೆ ಯಾವ ಕಾನೂನಿನಲ್ಲಿ ಅಧಿಕಾರ ಇತ್ತು? 1932ರ ಆರಂಭದಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಉತ್ತರವೇ ಸಿಗುತ್ತಿರಲಿಲ್ಲ. 1934ರ ಮಧ್ಯದ ಹೊತ್ತಿಗೆ ಕಾನೂನುಗಳ ದೊಡ್ಡ ಪಟ್ಟಿಯೇ ಸಿದ್ಧವಾಗಿತ್ತು.

ಹಿನ್ನೆಲೆ

ಅಮೆರಿಕದಲ್ಲಿ ಕೊಲೆ, ಕಳ್ಳತನ, ದರೋಡೆ ಎಲ್ಲ ಆಯಾ ರಾಜ್ಯದ ವಿಷಯ. ಊರಿಗೊಂದು ಪೊಲೀಸ್ ಪಡೆ, ಕೌಂಟಿಗೊಬ್ಬ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಷೆರಿಫ್. ಅವರ ಅಧಿಕಾರ ರಾಜ್ಯದ ಗಡಿಗೆ ಬಂದು ನಿಲ್ಲುತ್ತಿತ್ತು. ಕೇಂದ್ರ ಸರ್ಕಾರಕ್ಕೆ ಇದ್ದ ಮುಖ್ಯ ದಾರಿ ಸಂವಿಧಾನದ ಅಂತರರಾಜ್ಯ ವಾಣಿಜ್ಯದ ವಿಧಿ. ಗಡಿ ದಾಟಿ ಏನಾದರೂ ಸಾಗಿದರೆ ಮಾತ್ರ ಅದು ಕೈ ಹಾಕಬಹುದಿತ್ತು. 1919ರ ಡಯರ್ ಕಾಯ್ದೆ ಹುಟ್ಟಿದ್ದು ಹಾಗೆ. ಕದ್ದ ಕಾರನ್ನು ಇನ್ನೊಂದು ರಾಜ್ಯಕ್ಕೆ ಓಡಿಸಿದರೆ ಅದು ಕೇಂದ್ರದ ಅಪರಾಧ, ಅಂದರೆ ಕೇಂದ್ರ ಸರ್ಕಾರವೇ ಕೇಸು ಹಾಕಬಹುದಾದ ಅಪರಾಧ. ಈ ಕಾಯ್ದೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದರೋಡೆಕೋರರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. 1932ರಲ್ಲಿ ಫೋರ್ಡ್ ಕಂಪನಿ ವಿ-8 ಇಂಜಿನ್ ಕಾರು ತಂದಿತು. ಥಾಂಪ್ಸನ್ ಸಬ್‌ಮಷೀನ್ ಗನ್ ಕೊಳ್ಳುವುದೂ ಅಂಥ ಕಷ್ಟವಿರಲಿಲ್ಲ. ಹಳ್ಳಿಯ ಷೆರಿಫ್ ಹತ್ತಿರ ಹಳೇ ಕಾರು, ಒಂದು ಪಿಸ್ತೂಲು. ಬ್ಯಾಂಕ್ ದೋಚಿ ಪಕ್ಕದ ರಾಜ್ಯ ಸೇರಿಬಿಟ್ಟರೆ ಆಯಿತು, ಮುಗೀತು. ಇನ್ನು ಮಿನೆಸೋಟದ ಸೇಂಟ್ ಪಾಲ್ ನಗರದಲ್ಲಂತೂ ಪೊಲೀಸರೇ ಒಪ್ಪಂದ ಮಾಡಿಕೊಂಡಿದ್ದರು. ಬಂದ ಕೂಡಲೇ ತಿಳಿಸಿ, ಲಂಚ ಕೊಡಿ, ನಮ್ಮ ಊರಲ್ಲಿ ಗಲಾಟೆ ಮಾಡಬೇಡಿ, ಹಾಯಾಗಿ ಇರಿ.

ಇದರ ಜೊತೆಗೆ ಮಹಾ ಆರ್ಥಿಕ ಕುಸಿತ. 1933ರಲ್ಲಿ ದುಡಿಯುವವರಲ್ಲಿ ಸುಮಾರು 25% ಜನಕ್ಕೆ ಕೆಲಸ ಇರಲಿಲ್ಲ. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ಠೇವಣಿಗೆ ಕೇಂದ್ರದ ವಿಮೆ ಇರಲಿಲ್ಲ, ಎಷ್ಟೋ ಜನರ ಉಳಿತಾಯ ಹೋಯಿತು. ಹೊಲ, ಮನೆ ಜಪ್ತಿ ಮಾಡಿದ್ದೂ ಇದೇ ಬ್ಯಾಂಕುಗಳು. ಹಾಗಾಗಿ ಯಾರೋ ಬ್ಯಾಂಕ್ ದೋಚಿದ ಅಂದರೆ ಒಳಗೊಳಗೇ ಖುಷಿಪಟ್ಟವರು ಕಮ್ಮಿ ಇರಲಿಲ್ಲ. ಫ್ಲಾಯ್ಡ್ ಬಡವರ ಸಾಲದ ಪತ್ರ ಹರಿದುಹಾಕುತ್ತಿದ್ದ ಎಂಬ ದಂತಕಥೆ ಒಕ್ಲಹೋಮಾದಲ್ಲಿ ಹರಡಿತ್ತು. ನನಗೆ ಈ ರಾಬಿನ್‌ಹುಡ್ ಮಾತಿನ ಮೇಲೆ ಅಷ್ಟು ಪ್ರೀತಿ ಇಲ್ಲ. ಗುಂಡು ತಿಂದು ಸತ್ತವರು ಬ್ಯಾಂಕ್ ಮಾಲೀಕರಲ್ಲ, ಹೆಚ್ಚಾಗಿ ಸಾಮಾನ್ಯ ಪೊಲೀಸರು.

ಬಂದೂಕಿಲ್ಲದ ಬ್ಯೂರೋ

1908ರಲ್ಲಿ ನ್ಯಾಯ ಇಲಾಖೆಯೊಳಗೆ ಒಂದು ಚಿಕ್ಕ ತನಿಖಾ ವಿಭಾಗ ಶುರುವಾಯಿತು. 1924ರಲ್ಲಿ, 29ನೇ ವಯಸ್ಸಿಗೆ, ಜೆ. ಎಡ್ಗರ್ ಹೂವರ್ ಅದರ ಮುಖ್ಯಸ್ಥರಾದರು. ಲಂಚಕೋರರನ್ನು ಹೊರಹಾಕಿ, ಕಾನೂನು ಅಥವಾ ಲೆಕ್ಕಶಾಸ್ತ್ರ ಓದಿದವರಿಗೆ ಮಣೆ ಹಾಕಿದರು. ಅದೇ ವರ್ಷ 8 ಲಕ್ಷಕ್ಕೂ ಹೆಚ್ಚು ಬೆರಳಚ್ಚುಗಳನ್ನು ಒಂದೇ ಕಡೆ ತಂದರು. 1932ರಲ್ಲಿ ಅಪರಾಧ ಪ್ರಯೋಗಾಲಯ ಬಂತು.

ಆದರೆ ಈ ಏಜೆಂಟರಿಗೆ ಬಂದೂಕು ಇಟ್ಟುಕೊಳ್ಳಲು, ಜನರನ್ನು ಬಂಧಿಸಲು ಕಾನೂನಿನಲ್ಲಿ ಸ್ಪಷ್ಟ ಅಧಿಕಾರವೇ ಇರಲಿಲ್ಲ. ಬಂಧನಕ್ಕೆ ಸ್ಥಳೀಯ ಪೊಲೀಸರನ್ನೋ ಮಾರ್ಷಲ್‌ಗಳನ್ನೋ ಜೊತೆಗೆ ಕರೆದುಕೊಂಡು ಹೋಗಬೇಕಿತ್ತು. ಈ ವಿಭಾಗಕ್ಕೆ ಎಫ್‌ಬಿಐ (ಫೆಡರಲ್ ಬ್ಯೂರೋ ಆಫ್ ಇನ್ವೆಸ್ಟಿಗೇಷನ್) ಎಂಬ ಹೆಸರು ಬಂದಿದ್ದು 1935ರಲ್ಲಿ. ಅದಕ್ಕೇ ಕೆಳಗೆ ಬ್ಯೂರೋ ಎಂದೇ ಬರೆದಿದ್ದೇನೆ.

1933ರ ಜೂನ್ 17. ಕ್ಯಾನ್ಸಸ್ ಸಿಟಿಯ ಯೂನಿಯನ್ ಸ್ಟೇಷನ್. ಜೈಲಿನಿಂದ ತಪ್ಪಿಸಿಕೊಂಡಿದ್ದ ಫ್ರ್ಯಾಂಕ್ ನ್ಯಾಶ್ ಎಂಬ ಕೈದಿಯನ್ನು ರೈಲಿನಿಂದ ಇಳಿಸಿ ಕಾರಿಗೆ ಹತ್ತಿಸುತ್ತಿದ್ದಾಗ ಗುಂಡಿನ ಮಳೆ. ಬ್ಯೂರೋದ ಏಜೆಂಟ್ ರೇಮಂಡ್ ಕ್ಯಾಫ್ರಿ ಸೇರಿ ನಾಲ್ವರು ಅಧಿಕಾರಿಗಳು ಸತ್ತರು. ನ್ಯಾಶ್ ಕೂಡ ಸತ್ತ. ಗುಂಡು ಹಾರಿಸಿದವರು ಯಾರ್‍ಯಾರು ಎಂಬ ವಾದ ಇವತ್ತಿಗೂ ಇದೆ. ಬ್ಯೂರೋ ಹೇಳಿದ್ದು ವರ್ನ್ ಮಿಲ್ಲರ್, ಫ್ಲಾಯ್ಡ್, ಆಡಮ್ ರಿಚೆಟಿ. ಫ್ಲಾಯ್ಡ್ ಕೊನೆಯವರೆಗೂ ಅಲ್ಲಗಳೆದ. ಕಾರಿನೊಳಗಿದ್ದ ಅಧಿಕಾರಿಯೊಬ್ಬರ ಬಂದೂಕಿನಿಂದಲೇ ಕೆಲವರಿಗೆ ಗುಂಡು ಬಿದ್ದಿರಬಹುದು ಎಂದು ನಂತರ ವಾದಿಸಿದವರೂ ಇದ್ದಾರೆ. ಅದೇನೇ ಇರಲಿ, ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್‌ಗೆ ಅಪರಾಧದ ವಿರುದ್ಧ ಯುದ್ಧ ಅಂತ ಸಾರಲು ಇಷ್ಟು ಸಾಕಾಯಿತು.

ಅರ್ಷಲ್ ಅಪಹರಣ: ತನಿಖೆಯ ಒಳ್ಳೆಯ ಉದಾಹರಣೆ

1932ರ ಮಾರ್ಚ್ 1ರಂದು ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್‌ನ ಹಸುಗೂಸನ್ನು ಮನೆಯಿಂದಲೇ ಕದ್ದರು, ಮಗು ಸತ್ತೇ ಹೋಯಿತು. ಆ ಆಕ್ರೋಶದಲ್ಲಿ ಅದೇ ವರ್ಷ ಅಂತರರಾಜ್ಯ ಅಪಹರಣ ಕೇಂದ್ರದ ಅಪರಾಧವಾಯಿತು. ಈ ಕಾನೂನಿನ ದೊಡ್ಡ ಪರೀಕ್ಷೆ ನಡೆದಿದ್ದು ಮುಂದಿನ ವರ್ಷ.

1933ರ ಜುಲೈ 22ರ ರಾತ್ರಿ, ಒಕ್ಲಹೋಮಾ ಸಿಟಿಯ ತೈಲ ಉದ್ಯಮಿ ಚಾರ್ಲ್ಸ್ ಅರ್ಷಲ್ ಮನೆಯಲ್ಲಿ ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದ. ಇಬ್ಬರು ಬಂದೂಕು ಹಿಡಿದು ಒಳಗೆ ಬಂದರು. ಅರ್ಷಲ್ ಯಾರು ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಸರಿ, ಇದ್ದ ಇಬ್ಬರು ಗಂಡಸರನ್ನೂ ಎತ್ತಿಕೊಂಡು ಹೋದರು! ದಾರಿಯಲ್ಲಿ ಪರ್ಸ್ ನೋಡಿ, ಬೇಡದವನನ್ನು ಇಳಿಸಿಬಿಟ್ಟರು. ಕೇಳಿದ ಹಣ 2 ಲಕ್ಷ ಡಾಲರ್. ಕುಟುಂಬ ಕೊಟ್ಟಿತು, ಆದರೆ ನೋಟುಗಳ ನಂಬರ್ ಬರೆದಿಟ್ಟುಕೊಂಡಿದ್ದರು.

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಿದ್ದ ಅರ್ಷಲ್ ಸುಮ್ನೆ ಕೂರಲಿಲ್ಲ. ದಿನಕ್ಕೆರಡು ಸಲ ಮೇಲೆ ವಿಮಾನದ ಸದ್ದು. ಅದು ಹೋದ ಸ್ವಲ್ಪ ಹೊತ್ತಿಗೆ ಗಂಟೆ ಎಷ್ಟು ಅಂತ ಕಾವಲಿನವರನ್ನು ಕೇಳುತ್ತಿದ್ದ. ಹೀಗೆ ಲೆಕ್ಕ ಹಾಕಿದಾಗ ಬೆಳಿಗ್ಗೆ 9:45, ಸಂಜೆ 5:45. ಒಂದು ದಿನ ಜೋರು ಮಳೆ, ವಿಮಾನ ಬರಲಿಲ್ಲ. ಬಾವಿ ನೀರಿಗೆ ಖನಿಜದ ರುಚಿ ಇದ್ದದ್ದು ನೆನಪಿಟ್ಟುಕೊಂಡ. ಸಿಕ್ಕಿದ್ದಕ್ಕೆಲ್ಲ ಬೆರಳಚ್ಚು ಒತ್ತಿ ಬಂದ. ಬಿಡುಗಡೆಯಾದ ಮೇಲೆ ಏಜೆಂಟರು ವಿಮಾನಗಳ ವೇಳಾಪಟ್ಟಿ ಮತ್ತು ಹವಾಮಾನ ದಾಖಲೆ ಎರಡನ್ನೂ ಹೋಲಿಸಿ ನೋಡಿದರು. ಟೆಕ್ಸಾಸ್‌ನ ಪ್ಯಾರಡೈಸ್ ಎಂಬ ಊರಿನ ತೋಟದ ಮನೆ ಸಿಕ್ಕಿತು. ಅದು ಅಪಹರಿಸಿದವರಲ್ಲಿ ಒಬ್ಬನಾದ ಮಷೀನ್ ಗನ್ ಕೆಲ್ಲಿಯ ಹೆಂಡತಿ ಕ್ಯಾಥ್ರಿನ್ ತವರು. ಸೆಪ್ಟೆಂಬರ್ 26ಕ್ಕೆ ಮೆಂಫಿಸ್‌ನಲ್ಲಿ ಕೆಲ್ಲಿ ಸಿಕ್ಕಿಬಿದ್ದ. ಗಂಡ ಹೆಂಡತಿ ಇಬ್ಬರಿಗೂ ಜೀವಾವಧಿ.

ಬಂಧನದ ವೇಳೆ ಕೆಲ್ಲಿ "ಜಿ-ಮೆನ್, ಗುಂಡು ಹಾರಿಸಬೇಡಿ" ಎಂದು ಕೂಗಿದ ಎಂಬ ಕಥೆ ಎಲ್ಲ ಕಡೆ ಇದೆ (ಜಿ-ಮೆನ್ ಅಂದರೆ ಸರ್ಕಾರದ ಮಂದಿ). ಅದನ್ನು ಬ್ಯೂರೋದ ಪ್ರಚಾರ ಎಂದೇ ಓದಿಕೊಳ್ಳುವುದು ಒಳ್ಳೆಯದು. ಆ ಕೋಣೆಗೆ ಮೊದಲು ನುಗ್ಗಿದವರಲ್ಲಿ ಮೆಂಫಿಸ್ ಪೊಲೀಸರೂ ಇದ್ದರು.

ಡಿಲಿಂಜರ್

ಇಂಡಿಯಾನಾದ ಜಾನ್ ಡಿಲಿಂಜರ್ 1924ರಲ್ಲಿ ಒಬ್ಬ ದಿನಸಿ ಅಂಗಡಿಯವನನ್ನು ದೋಚಲು ಹೋಗಿ ಸಿಕ್ಕಿಬಿದ್ದು, ಸುಮಾರು ಒಂಬತ್ತು ವರ್ಷ ಒಳಗಿದ್ದ. ದರೋಡೆಯ ಕಸುಬು ಕಲಿತಿದ್ದು ಅಲ್ಲೇ, ಹಳೇ ಕೈಗಳ ಹತ್ತಿರ. 1933ರ ಮೇ ತಿಂಗಳಲ್ಲಿ ಹೊರಬಂದವನೇ ಬ್ಯಾಂಕುಗಳಿಗೆ ಇಳಿದ. ಅವನೂ ಅವನ ಗ್ಯಾಂಗಿನವರೂ ಪೊಲೀಸ್ ಠಾಣೆಗಳಿಗೇ ನುಗ್ಗಿ ಬಂದೂಕು ಕದ್ದರು. ಆದರೂ ಬ್ಯೂರೋ ಅವನನ್ನು ಮುಟ್ಟುವಂತಿರಲಿಲ್ಲ. ಬ್ಯಾಂಕ್ ದರೋಡೆ ಆಗ ಕೇಂದ್ರದ ಅಪರಾಧ ಆಗಿರಲಿಲ್ಲ.

1934ರ ಮಾರ್ಚ್ 3ರಂದು ಅವನು ಕ್ರೌನ್ ಪಾಯಿಂಟ್ ಜೈಲಿನಿಂದ ತಪ್ಪಿಸಿಕೊಂಡ. ಮರದ ಪಿಸ್ತೂಲು ತೋರಿಸಿ ಹೆದರಿಸಿದ ಎನ್ನುತ್ತಾರೆ. ಹೋಗುವಾಗ ಷೆರಿಫ್ ಲಿಲಿಯನ್ ಹಾಲಿ ಅವರ ಕಾರನ್ನೇ ಹೊಡೆದುಕೊಂಡು ಹೋದ. ಇಂಡಿಯಾನಾ ಬಿಟ್ಟು ಇಲಿನಾಯ್‌ಗೆ. ಕದ್ದ ಕಾರು, ರಾಜ್ಯದ ಗಡಿ: ಡಯರ್ ಕಾಯ್ದೆ! ಅಷ್ಟೆಲ್ಲ ದರೋಡೆ ಮಾಡಿದವನ ಹಿಂದೆ ಬ್ಯೂರೋ ಬಿದ್ದಿದ್ದು ಕಾರು ಕಳ್ಳತನದ ಕೇಸಿನಲ್ಲಿ. ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ವಿವರ ಇದು.

ಏಪ್ರಿಲ್ 22ರ ರಾತ್ರಿ, ಡಿಲಿಂಜರ್ ಗ್ಯಾಂಗು ತಂಗಿದ್ದ ವಿಸ್ಕಾನ್ಸಿನ್‌ನ ಲಿಟಲ್ ಬೊಹೀಮಿಯಾ ಲಾಡ್ಜ್‌ಗೆ ಷಿಕಾಗೊ ಕಚೇರಿಯ ಮೆಲ್ವಿನ್ ಪರ್ವಿಸ್ ತಂಡ ಹೋಯಿತು. ನಾಯಿ ಬೊಗಳಿದವು. ಲಾಡ್ಜ್‌ನಿಂದ ಊಟ ಮುಗಿಸಿ ಹೊರಟಿದ್ದ ಮೂವರ ಕಾರಿಗೆ ಏಜೆಂಟರು ಗುಂಡು ಹಾರಿಸಿದರು. ಒಬ್ಬ ಸತ್ತ, ಇಬ್ಬರು ಗಾಯಗೊಂಡರು, ಮೂವರೂ ಅಮಾಯಕರು. ಗ್ಯಾಂಗಿನ ಗಂಡಸರು ಹಿಂದಿನಿಂದ ಪರಾರಿ. ಆಗ ಇದೇ ಗ್ಯಾಂಗಿನಲ್ಲಿದ್ದ ಬೇಬಿ ಫೇಸ್ ನೆಲ್ಸನ್ ದಾರಿಯಲ್ಲಿ ಏಜೆಂಟ್ ಕಾರ್ಟರ್ ಬಾಮ್‌ನನ್ನು ಕೊಂದ.

ಇಂಥ ಎಡವಟ್ಟಾದ ಮೇಲೆ ಬ್ಯೂರೋದ ಬಾಗಿಲು ಮುಚ್ಚಬೇಕಿತ್ತು ಅನಿಸುತ್ತೆ, ಅಲ್ವಾ? ಆಗಿದ್ದು ತದ್ವಿರುದ್ಧ. ಕಮಿಂಗ್ಸ್ ಮೊದಲೇ ಮುಂದಿಟ್ಟಿದ್ದ ಮಸೂದೆಗಳಿಗೆ ವೇಗ ಸಿಕ್ಕಿತು. ಮೇ 18ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಕಂತೆ ಕಾನೂನಿಗೆ ಸಹಿ ಹಾಕಿದರು. ರಾಷ್ಟ್ರೀಯ ಬ್ಯಾಂಕುಗಳ ದರೋಡೆ, ಕೇಂದ್ರದ ಅಧಿಕಾರಿಯ ಕೊಲೆ, ವಿಚಾರಣೆ ತಪ್ಪಿಸಲು ರಾಜ್ಯದ ಗಡಿ ದಾಟುವುದು, ಎಲ್ಲವೂ ಕೇಂದ್ರದ ಅಪರಾಧವಾದವು. ಜೂನ್‌ನಲ್ಲಿ ಏಜೆಂಟರಿಗೆ ಬಂಧಿಸುವ, ಬಂದೂಕು ಹಿಡಿಯುವ ಅಧಿಕಾರ ಬಂತು. ಅದೇ ತಿಂಗಳು ಬಂದ ರಾಷ್ಟ್ರೀಯ ಬಂದೂಕು ಕಾಯ್ದೆ ಮಷೀನ್ ಗನ್‌ಗೆ 200 ಡಾಲರ್ ತೆರಿಗೆ ಹಾಕಿತು. ನಿಷೇಧ ಅಲ್ಲ, ತೆರಿಗೆ. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರ ಇದ್ದೇ ಇತ್ತಲ್ಲ.

ಮುಂದಿನದು ಬೇಗ ಬೇಗ. ಜುಲೈ 22ರಂದು ಷಿಕಾಗೊದ ಬಯೋಗ್ರಾಫ್ ಚಿತ್ರಮಂದಿರದ ಹೊರಗೆ ಡಿಲಿಂಜರ್ ಹತನಾದ. ಸುಳಿವು ಕೊಟ್ಟ ಆನಾ ಸೇಜ್‌ಗೆ 5,000 ಡಾಲರ್ ಸಿಕ್ಕಿತು, ಆದರೆ ಗಡೀಪಾರು ತಪ್ಪಲಿಲ್ಲ, ರೊಮೇನಿಯಾಕ್ಕೆ ಕಳಿಸಿದರು. ಅಕ್ಟೋಬರ್ 22ಕ್ಕೆ ಒಹಾಯೊದಲ್ಲಿ ಫ್ಲಾಯ್ಡ್. ನವೆಂಬರ್ 27ಕ್ಕೆ ನೆಲ್ಸನ್, ಸಾಯುವ ಮೊದಲು ಸ್ಯಾಮ್ ಕೌಲಿ ಮತ್ತು ಹರ್ಮನ್ ಹಾಲಿಸ್ ಎಂಬ ಏಜೆಂಟರನ್ನು ಕೊಂದು. 1935ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಬಾರ್ಕರ್ ಗ್ಯಾಂಗಿನ ಫ್ರೆಡ್ ಬಾರ್ಕರ್ ಮತ್ತು ತಾಯಿ ಕೇಟ್.

ಗೊಂದಲ ಆಗುವ ಜಾಗಗಳು

ಷಿಕಾಗೊದ ಕಳ್ಳ ಮದ್ಯದ ದೊರೆ ಅಲ್ ಕಪೋನ್‌ನನ್ನು ಹೂವರ್ ಹಿಡಿಯಲಿಲ್ಲ. 1931ರಲ್ಲಿ ತೆರಿಗೆ ವಂಚನೆಗೆ ಅವನನ್ನು ಸಿಕ್ಕಿಸಿದ್ದು ಖಜಾನೆ ಇಲಾಖೆ. ಕಪೋನ್ ಹಿಂದೆ ಬಿದ್ದಿದ್ದ ಎಲಿಯಟ್ ನೆಸ್ ಇದ್ದಿದ್ದು ಪಾನನಿಷೇಧ ಬ್ಯೂರೋದಲ್ಲಿ. ದರೋಡೆಕೋರ ಜೋಡಿ ಬಾನಿ ಮತ್ತು ಕ್ಲೈಡ್‌ರನ್ನು 1934ರ ಮೇ 23ರಂದು ಲೂಸಿಯಾನಾದಲ್ಲಿ ಹೊಂಚುಹಾಕಿ ಕೊಂದಿದ್ದು ಫ್ರ್ಯಾಂಕ್ ಹೇಮರ್ ನೇತೃತ್ವದ ಟೆಕ್ಸಾಸ್ ಮತ್ತು ಲೂಸಿಯಾನಾ ಅಧಿಕಾರಿಗಳು.

ಹೂವರ್ ಬಗ್ಗೆ ಒಂದು ಮಾತು. 1936ರಲ್ಲಿ ಸೆನೆಟರ್ ಮೆಕೆಲ್ಲರ್, ನೀವೇ ಸ್ವತಃ ಯಾರನ್ನಾದರೂ ಬಂಧಿಸಿದ್ದೀರಾ ಎಂದು ಕೇಳಿ ಮುಜುಗರ ಮಾಡಿದರು. ಕೆಲವೇ ವಾರಗಳಲ್ಲಿ, ಮೇ 1ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಬಾರ್ಕರ್ ಗ್ಯಾಂಗಿನ ಮುಖಂಡ ಆಲ್ವಿನ್ ಕಾರ್ಪಿಸ್‌ನನ್ನು ಹೂವರ್ ಖುದ್ದಾಗಿ ಬಂಧಿಸಿದರು ಎಂದು ಸುದ್ದಿ. ಬೇಡಿ ತರುವುದನ್ನೇ ಮರೆತಿದ್ದರಿಂದ ಏಜೆಂಟರೊಬ್ಬರ ಟೈಯಲ್ಲಿ ಕೈ ಕಟ್ಟಿದರು. ಎಲ್ಲ ಮುಗಿದ ಮೇಲೆ ಹೂವರ್ ಮರೆಯಿಂದ ಬಂದರು ಎಂದು ಕಾರ್ಪಿಸ್ ಹೇಳುತ್ತಿದ್ದ.

ನನ್ನ ಲೆಕ್ಕದಲ್ಲಿ, ಬ್ಯೂರೋಗೆ ಹೆಸರು ತಂದ ಈ ಗ್ಯಾಂಗುಗಳು ಆ ಕಾಲದ ಅತಿ ದೊಡ್ಡ ಅಪರಾಧಿಗಳಲ್ಲ. ಅವರ ಫೋಟೊ ಪತ್ರಿಕೆಗಳಲ್ಲಿ ಚೆನ್ನಾಗಿ ಬರುತ್ತಿತ್ತು, ಹಿಡಿದರೆ ಕೇಸು ಮುಗಿಯುತ್ತಿತ್ತು. ಜೂಜು, ಸುಲಿಗೆ, ಯೂನಿಯನ್‌ಗಳ ಮೇಲೆ ಹಿಡಿತ ಇದ್ದ ಸಿಂಡಿಕೇಟುಗಳು ತಮ್ಮ ಪಾಡಿಗೆ ಬೆಳೆದವು. ನ್ಯೂಯಾರ್ಕ್‌ ಮಾಫಿಯಾದ ಮುಖ್ಯಸ್ಥ ಲಕಿ ಲೂಸಿಯಾನೊಗೆ 1936ರಲ್ಲಿ ಶಿಕ್ಷೆ ಕೊಡಿಸಿದ್ದು ನ್ಯೂಯಾರ್ಕ್‌ನ ಪ್ರಾಸಿಕ್ಯೂಟರ್ ಥಾಮಸ್ ಡ್ಯೂಯಿ. ದೇಶಾದ್ಯಂತ ಹರಡಿದ ಮಾಫಿಯಾ ಇದೆ ಎಂದು ಹೂವರ್ ವರ್ಷಗಟ್ಟಲೆ ಒಪ್ಪಲೇ ಇಲ್ಲ. 1957ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಅಪಲೇಕಿನ್ ಎಂಬ ಊರಲ್ಲಿ ದೇಶದ ಮಾಫಿಯಾ ಮುಖ್ಯಸ್ಥರೆಲ್ಲ ಸಭೆ ಸೇರಿದ್ದನ್ನು ಪತ್ತೆ ಮಾಡಿದ್ದು ಒಬ್ಬ ರಾಜ್ಯ ಪೊಲೀಸ್ ಸಾರ್ಜೆಂಟ್.